ತೊಗಟೆಯ ಮದ್ದು, ಸೂಜಿಮದ್ದು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮ ಯಜಮಾನರಿಗೆ ಆಮಶಂಕೆ ಪದೇ ಪದೇ ಮರುಕಳಿಸುತ್ತಿದೆ. ಮಲ ಪರೀಕ್ಷೆಯ ವರದಿಯಲ್ಲಿ ‘ಅಮೀಬಾ ಸಿಸ್ಟ್ ಇದೆ’ ಎಂದು ಬರೆದಿದ್ದಾರೆ. ಮಾತ್ರೆ ನುಂಗಿ ನುಂಗಿ ಅವರು ಬೇಸತ್ತಿದ್ದಾರೆ. ದಾವಣಗೆರೆಯ ಗ್ರಂಥಿಗೆ ಅಂಗಡಿಯಿಂದ ಕೊಡಸಿಗದ ಚಕ್ಕೆ ತರಿಸಿ ಕಷಾಯ ಮಾಡಿಕೊಡಬಹುದೇ?
– ಓದುಗರೊಬ್ಬರು, ಜಗಳೂರು ತಾಲ್ಲೂಕು

ಉತ್ತರ: ಆಯುರ್ವೇದದಲ್ಲಿ ಕುಟಜವೆಂದು ಕರೆಯುವ ಕೊಡಸಿಗವನ್ನು ಅತಿಸಾರಕ್ಕೆ ಕೊಡುವ ರೂಢಿ ಬಹಳ ಹಳೆಯದು, ಅದರಲ್ಲಿ ಹುರುಳಿಲ್ಲದೆಯೂ ಇಲ್ಲ. ತೊಗಟೆಯಲ್ಲಿರುವ ಕೊನೆಸ್ಸೀನ್ ಎಂಬ ಆಲ್ಕಲಾಯ್ಡ್ ಅಮೀಬಾವನ್ನು ಕೊಲ್ಲಬಲ್ಲದು. 1920ರ ದಶಕದಲ್ಲಿ ಕಲ್ಕತ್ತದಲ್ಲಿ ಆರ್. ಎನ್. ಚೋಪ್ರಾ ಅವರು ಇದನ್ನು ಅಭ್ಯಸಿಸಿದ್ದರು. ಕುರ್ಚಿ (ಕೊಡಸಿಗದ ಬಂಗಾಳಿ ಹೆಸರು) ಬಿಸ್ಮತ್ ಅಯೊಡೈಡ್ ಎಂಬ ರೂಪದಲ್ಲಿ ಇಂಗ್ಲಿಷ್ ವೈದ್ಯರೂ ಅದನ್ನು ಬರೆದುಕೊಡುತ್ತಿದ್ದ ಕಾಲವೊಂದಿತ್ತು. ಆದರೆ ಶುದ್ಧ ಕೊನೆಸ್ಸೀನನ್ನು ರೋಗಿಗಳಿಗೆ ಕೊಟ್ಟಾಗ ನಿದ್ರೆಗೇಡು, ತಲೆಸುತ್ತು, ಮನಸ್ಸಿನ ಕಳವಳ ಕಾಣಿಸಿಕೊಂಡದ್ದರಿಂದ ಅದು ಬಳಕೆಯಿಂದ ಹಿಂದೆ ಸರಿಯಿತು. ಇಪೆಕಾಕ್ ಬೇರಿನ ಎಮೆಟಿನ್‌ನ ಕಥೆಯೂ ಇಂಥದ್ದೇ: 1912ರಲ್ಲಿ ಲಿಯೊನಾರ್ಡ್ ರೋಜರ್ಸ್ ಅದೇ ಕಲ್ಕತ್ತದಲ್ಲಿ ಅದನ್ನು ಚುಚ್ಚುಮದ್ದಾಗಿ ಕೊಟ್ಟು ಅಮೀಬಾದ ಆಮಶಂಕೆಯನ್ನು ಹತೋಟಿಗೆ ತಂದರು, ಆದರೆ ಹೃದಯಕ್ಕೆ ಅದು ಮಾಡುವ ಹಾನಿಯಿಂದಾಗಿ ಮೆಟ್ರೊನಿಡಜೋಲ್ ಮಾತ್ರೆ ಬಂದ ಮೇಲೆ ಅದನ್ನು ಕೇಳುವವರಿಲ್ಲವಾದರು.

ಕಷಾಯದ ವಿಚಾರದಲ್ಲಿ ನನ್ನ ಅಳುಕು ಬೇರೆ ಎರಡು ಕಾರಣಗಳಿಂದ ಬಂದದ್ದು. ಮೊದಲನೆಯದು, ಚಕ್ಕೆ ಯಾವ ಮರದ್ದು ಎಂಬುದು. ಕೊಡಸಿಗವನ್ನೇ ಹೋಲುವ ಬೆಪ್ಪಾಲೆ ಮರದ ತೊಗಟೆ ಮತ್ತು ಬೀಜ ಕೊಡಸಿಗದ ಹೆಸರಿನಲ್ಲಿ ಮಾರಾಟವಾಗುವುದು ಹೊಸತೇನಲ್ಲ. ಎರಡೂ ಹಾಲು ಒಸರುವ ಮರಗಳು, ಎರಡರಲ್ಲೂ ಕಾಯಿಗಳು ಜೋಡಿಯಾಗಿ ತೂಗುತ್ತವೆ. ಆದರೆ ಬೆಪ್ಪಾಲೆಯ ಎಳೆಯ ಜೋಡಿಕಾಯಿಗಳ ತುದಿಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ, ಕೊಡಸಿಗದವು ಬಿಡಿಬಿಡಿಯಾಗಿರುತ್ತವೆ. ಕೊಡಸಿಗದ ಬೀಜ ನಾಲಿಗೆಗೆ ತಾಗಿದರೆ ಕಹಿ, ಬೆಪ್ಪಾಲೆಯದು ಅಷ್ಟು ಕಹಿಯಲ್ಲ. ಪೊಟ್ಟಣದೊಳಗಿನ ಒಣಚಕ್ಕೆಯಲ್ಲಿ ಈ ಗುರುತುಗಳೊಂದೂ ಸಿಗುವುದಿಲ್ಲ.

ಎರಡನೆಯದು, ಗಿಡದಲ್ಲಿರುವ ಸತ್ವ ಕಷಾಯದಲ್ಲಿ ಉಳಿಯುವುದೇ ಎಂಬುದು. ಚೀನಾದ ತು ಯೂಯೂ ಅವರ ತಂಡ ಮಲೇರಿಯಾಕ್ಕೆ ಮದ್ದು ಹುಡುಕುತ್ತಿದ್ದಾಗ ಆರ್ಟಿಮೀಸಿಯಾ ಗಿಡದ ಬಿಸಿಸಾರದಿಂದ ನಂಬಬಹುದಾದ ಫಲ ಸಿಗಲಿಲ್ಲ. ಸೊಪ್ಪನ್ನು ತಣ್ಣೀರಿನಲ್ಲಿ ನೆನೆಸಿ ಹಿಂಡಬೇಕೆಂಬ ಹಳೆಯ ವೈದ್ಯಗ್ರಂಥದ ಮಾತನ್ನು ಓದಿ, ಕಡಿಮೆ ಶಾಖದಲ್ಲಿ ಈಥರ್ ಬಳಸಿ ಸಾರ ತೆಗೆದಾಗ ಆರ್ಟಿಮಿಸಿನಿನ್ ಕೈಗೆ ಬಂತು; 2015ರ ನೊಬೆಲ್ ಪ್ರಶಸ್ತಿ ಅವರಿಗೆ ಬಂದದ್ದು ಇದಕ್ಕಾಗಿಯೇ.

ಇನ್ನು ತಮ್ಮ ಮನೆಯ ಸಮಸ್ಯೆ. ಮೆಟ್ರೊನಿಡಜೋಲ್ ಕರುಳಿನ ಗೋಡೆಗೆ ಇಳಿದ ಅಮೀಬಾವನ್ನು ಕೊಲ್ಲುತ್ತದೆಯೇ ಹೊರತು ಕರುಳಿನ ಒಳಟೊಳ್ಳಿನಲ್ಲಿ ಗಟ್ಟಿ ಕವಚ ತೊಟ್ಟು ಉಳಿದ ಸಿಸ್ಟ್‌ಗಳನ್ನು ಪೂರ್ತಿಯಾಗಿ ತೊಡೆಯುವುದಿಲ್ಲ. ಅದಕ್ಕೆ ಡೈಲಾಕ್ಸನೈಡ್ ಫ್ಯೂರೋಯೇಟ್‌ನಂತಹ ಇನ್ನೊಂದು ಮದ್ದನ್ನು ಆಮೇಲೆ ಕೊಡಬೇಕು. ಬಹಳ ಸಲ ಬಿಟ್ಟುಹೋಗುವುದು ಇದೇ. ಸೂಕ್ಷ್ಮದರ್ಶಕದಲ್ಲಿ ರೋಗಕಾರಕ ಅಮೀಬಾದ ಸಿಸ್ಟೂ ನಿರಪಾಯಕಾರಿಯಾದ ಇನ್ನೊಂದು ಅಮೀಬಾದ ಸಿಸ್ಟೂ ಒಂದೇ ತೆರನಾಗಿ ಕಾಣುತ್ತವೆ. ಈ ಎರಡು ವಿಷಯಗಳನ್ನೂ ವೈದ್ಯರ ಬಳಿ ಬಾಯಿಬಿಟ್ಟು ಕೇಳಿ.

ಪ್ರಶ್ನೆ: ನಮ್ಮ ಎಚ್.ಎಫ್. ಹಸುವಿಗೆ ಥೈಲೇರಿಯಾ ಎಂದು ಪಶುವೈದ್ಯರು ಹೇಳಿದರು. ಅವರು ಕೊಟ್ಟ ಸೂಜಿಮದ್ದು ದುಬಾರಿ. ಗಿಡಮೂಲಿಕೆಯಲ್ಲಿ ಇದಕ್ಕೆ ಮದ್ದಿಲ್ಲವೇ?
– ಹೈನುಗಾರರೊಬ್ಬರು, ಚನ್ನಗಿರಿ

ಉತ್ತರ: ಉಣ್ಣೆಗಳಿಂದ ಹರಡುವ ಈ ಜ್ವರಕ್ಕೆ ಸಾಮಾನ್ಯವಾಗಿ ಕೊಡುವುದು ಬುಪಾರ್ವಕ್ವೋನ್, ಮತ್ತು ಅದರ ವಂಶಾವಳಿಯನ್ನು ಹಿಡಿದು ಹೋದರೆ ಸಿಗುವುದು ಮರವೇ! ದಕ್ಷಿಣ ಅಮೆರಿಕದ ಟಬೂಬಿಯಾ ಬಳಗದ ಮರಗಳ ಚೇಗಿನಲ್ಲಿ, ನಮ್ಮ ತೇಗದಲ್ಲಿ ಕೂಡ, ಲ್ಯಾಪಕೋಲ್ ಎಂಬ ಹಳದಿ ವಸ್ತುವಿದೆ. 1942ರಲ್ಲಿ ಸಿಂಕೋನಾ ತೋಟಗಳ ಜಾವಾ ಜಪಾನೀಯರ ಕೈಸೇರಿ, ಆ ಮರದ ತೊಗಟೆಯಿಂದ ಬರುತ್ತಿದ್ದ ಮಲೇರಿಯಾ ಮದ್ದು ಕ್ವಿನೈನಿಗೆ ಬರ ಬಂದಾಗ, ಅಮೆರಿಕದ ರಸಾಯನ ವಿಜ್ಞಾನಿ ಲೂಯಿ ಫೀಸರ್ ಮತ್ತು ಸಂಗಡಿಗರು ಲ್ಯಾಪಕೋಲ್ ಸೇರಿದ ಜಾತಿಯ ನ್ಯಾಫ್ಥೊಕ್ವಿನೋನ್‌ಗಳನ್ನು ನೂರಾರು ಬಗೆಯಲ್ಲಿ ತಯಾರಿಸಿ ಮಲೇರಿಯಾದ ಮೇಲೆ ಪರೀಕ್ಷಿಸಿದರು. ಅದೇ ಎಳೆಯಲ್ಲಿ ಮುಂದೆ ಮನುಷ್ಯರ ಮಲೇರಿಯಾಕ್ಕೆ ಅಟೊವಕ್ವೋನ್, ದನಗಳಿಗೆ ಬುಪಾರ್ವಕ್ವೋನ್ ಬಂದವು. ಪರೋಪಜೀವಿಯ ಉಸಿರಾಟದ ಕೊಂಡಿಯಾದ ಸೈಟೊಕ್ರೋಮ್ ಬಿ ಎಂಬ ಪ್ರೋಟೀನಿಗೆ ಬುಪಾರ್ವಕ್ವೋನ್ ಅಡ್ಡಗಟ್ಟುತ್ತದೆ.

ಹಾಗೆಂದು ಯಾರೂ ತೇಗದ ಹೊಟ್ಟನ್ನು ಕುದಿಸಿ ಹಸುವಿಗೆ ಕುಡಿಸಬಾರದು. ಲ್ಯಾಪಕೋಲ್‌ನ ಬಲ ಸಾಲದೆಂದೇ ಅಷ್ಟು ವರ್ಷ ಅದರ ಅಣುವನ್ನು ತಿದ್ದಬೇಕಾಯಿತು. ಹೆಗಲ ಮುಂದಿನ ಗಂಟು ಊದಿ ಜ್ವರ ಏರಿದ ಮೊದಲ ಹಂತದಲ್ಲೇ ಕೊಟ್ಟರೆ ಈ ಮದ್ದು ನಾಟುತ್ತದೆ, ರಕ್ತ ಬತ್ತಿದ ಮೇಲೆ ಫಲ ಕಡಿಮೆ. ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದ್ದರೆ ಅದು ಉಣ್ಣೆಗಳಿಂದಲೇ ಹರಡುವ ಇನ್ನೊಂದು ರೋಗವಾದ ಬೆಬೀಸಿಯಾ ಆಗಿರಬಹುದು, ಅದಕ್ಕೆ ಬೇರೆಯೇ ಮದ್ದು. ಆದ್ದರಿಂದ ಕಿವಿಯ ನರದಿಂದ ರಕ್ತ ತೆಗೆದು ಗಾಜಿನ ಮೇಲೆ ಲೇಪಿಸಿ ನೋಡಲು ಹೇಳಿ.

ಪ್ರಶ್ನೆ: ಕುರಿಮರಿಗಳ ರಕ್ತಭೇದಿಗೆ ದಾಳಿಂಬೆ ಸಿಪ್ಪೆಯ ಪುಡಿ ಆಗುತ್ತದೆಯೇ?
– ಕುರಿಗಾರರೊಬ್ಬರು, ಚಳ್ಳಕೆರೆ

ಉತ್ತರ: ಅದು ಕಾಕ್ಸಿಡಿಯಾ ಎಂಬ ಕರುಳಿನ ಪರೋಪಜೀವಿಯಿಂದ ಬಂದದ್ದೆಂದು ಹಿಕ್ಕೆಯ ಪರೀಕ್ಷೆಯಿಂದ ಖಚಿತವಾಗಿದ್ದರೆ, ಸಿಪ್ಪೆಯನ್ನು ಮಾತ್ರ ನೆಚ್ಚಿಕೊಳ್ಳಬೇಡಿ. ಅದರ ಟ್ಯಾನಿನ್‌ಗಳು ಕಾಕ್ಸಿಡಿಯಾಕ್ಕೆ ತಡೆಯೊಡ್ಡಬಹುದೆಂಬ ನಿರೀಕ್ಷೆ ಇದೆಯಾದರೂ, ಹೆಚ್ಚಾದರೆ ಮರಿಗಳು ಮೇವು ಬಿಡುತ್ತವೆ. ಚೀನಾದ ಚಾಂಗ್‌ಶಾನ್ ಗಿಡದ ಫೆಬ್ರಿಫ್ಯೂಜಿನ್‌ನಿಂದ ರೂಪಿಸಿದ ಹಾಲೋಫ್ಯೂಜಿನೋನ್ ಕೋಳಿಗಳ ಕಾಕ್ಸಿಡಿಯಾಕ್ಕೆ ಬಳಕೆಯಲ್ಲಿದೆ, ಆದರೆ ಅದರ ಪ್ರಮಾಣ ಸ್ವಲ್ಪ ಮೀರಿದರೂ ಅಪಾಯ. ಕೋಳಿಯ ಮೇವನ್ನು ಕುರಿಗೆ ಹಾಕಲೇಬೇಡಿ. ರೋಗದ ಮೊಟ್ಟೆಗಳು ಒದ್ದೆ ನೆಲದಲ್ಲಿ ಬಲಿಯುತ್ತವೆ, ಸಾಮಾನ್ಯ ಫಿನಾಯಿಲಿಗೆ ಜಗ್ಗುವುದಿಲ್ಲ. ರೊಪ್ಪದ ಹಿಕ್ಕೆ ಬಳಿದು ನೆಲ ಒಣಗಿಸಿ, ನೀರಿನ ತೊಟ್ಟಿಯನ್ನು ಮರಿಗಳು ತುಳಿಯದಷ್ಟು ಎತ್ತರಕ್ಕಿಡಿ, ಭೇದಿಯಾದ ಮರಿಗಳನ್ನು ಬೇರೆ ಕಟ್ಟಿ ಪಶುವೈದ್ಯರಿಗೆ ತೋರಿಸಿ.