ಸೇವಿಂಗ್ಸೂ ಇದೆ, ಕಾರ್ಡ್ ಸಾಲಾನೂ ಇದೆ, ಏನ್ಮಾಡ್ಲಿ?

ಪ್ರಶ್ನೆ: ಕ್ರೆಡಿಟ್ ಕಾರ್ಡಲ್ಲಿ ಒಂದು ಲಕ್ಷ ಬಾಕಿ ಇದೆ, ತಿಂಗಳಿಗೆ 3% ಬಡ್ಡಿ, ಮಿನಿಮಮ್ 5,000 ಮಾತ್ರ ಕಟ್ತಿದೀನಿ. ಸೇವಿಂಗ್ಸಲ್ಲಿ 80,000 ಇದೆ, ತಿಂಗಳಿಗೆ 4,000 ಸೇರಿಸ್ತೀನಿ. ಮನೆಖರ್ಚು 30,000 ಹತ್ರ. ನಮ್ಮನೆಯವರು ಎಲ್ಲಾ ತೆಗೆದು ಸಾಲಕ್ಕೆ ಹಾಕು ಅಂತಾರೆ. ಆದ್ರೆ ಹಿಂದೊಮ್ಮೆ ಎರಡು ತಿಂಗಳು ಕೆಲಸ ಇಲ್ದೆ ಕೂತಿದ್ದೆ, ಈಗ್ಲೂ ರಾತ್ರಿ ಆ್ಯಪ್ ತೆಗೆದು ಬ್ಯಾಲೆನ್ಸ್ ನೋಡಿದ್ರೇನೇ ನಿದ್ದೆ ಬರೋದು.

ಉತ್ತರ: ನಿಮ್ಮ ಭಯ ಸುಳ್ಳಲ್ಲ ಕಣಮ್ಮ, ಆದ್ರೆ ಆ ನಿದ್ದೆಗೆ ನೀವು ಕೊಡ್ತಿರೋ ಬಾಡಿಗೆ ಜಾಸ್ತಿ ಆಯ್ತು. ಸೇವಿಂಗ್ಸಿಗೆ ವರ್ಷಕ್ಕೆ 3% ಅಂತಿಟ್ಕೊಂಡ್ರೂ 80,000ಕ್ಕೆ ತಿಂಗಳಿಗೆ ಹುಟ್ಟೋದು 200, ಅದೇ ಹೊತ್ತಿಗೆ ಕಾರ್ಡ್ ಕಡೆ 3,000 ಸೋರ್ತಿದೆ, ಅಂದ್ರೆ ನೀವು ಕಟ್ಟೋ 5,000ದಲ್ಲಿ ಅಸಲಿಗೆ ಹೋಗೋದು ಬರೀ 2,000. ಇನ್ನೊಂದು, ಬಾಕಿ ಉಳಿಸ್ಕೊಂಡವರಿಗೆ ಸಾಮಾನ್ಯವಾಗಿ ಬಡ್ಡಿ ಇಲ್ದಿರೋ ದಿನಗಳ ಸೌಲಭ್ಯಾನೂ ಸಿಗಲ್ಲ, ಇವತ್ತು ಉಜ್ಜಿದ್ದಕ್ಕೆ ಇವತ್ತಿಂದ್ಲೇ ಬಡ್ಡಿ. ಇದು ಎಷ್ಟೋ ಜನಕ್ಕೆ ಗೊತ್ತೇ ಇರಲ್ಲ, ನನಗೂ ಸ್ಟೇಟ್‌ಮೆಂಟ್ ಕೂತು ಓದಿದ ಮೇಲೇ ತಿಳಿದದ್ದು.

ಹಾಗಂತ ನಿಮ್ಮೆಜಮಾನ್ರು ಹೇಳ್ದಂಗೆ ಎಲ್ಲಾ ಬಳಿದು ಹಾಕ್ಬೇಡಿ. ಕೈ ಖಾಲಿ ಇದ್ದಾಗ ಏನಾದ್ರೂ ಬಂದ್ರೆ ಮತ್ತೆ ಅದೇ ಕಾರ್ಡ್ ತೆಗೀತೀರಿ, ಅದನ್ನೇ ನಂಬ್ಕೊಳೋಣ ಅಂದ್ರೆ ಬ್ಯಾಂಕ್‌ನವರು ಲಿಮಿಟ್ ಇಳಿಸಿಬಿಟ್ರೆ ಮುಗೀತು. ಒಂದು ತಿಂಗಳ ಖರ್ಚು 30,000 ಮುಟ್ಟಬೇಡಿ, 50,000 ಕಾರ್ಡಿಗೆ ಹಾಕಿ. ಆಮೇಲೆ ಸೇವಿಂಗ್ಸಿಗೆ ಹಾಕ್ತಿದ್ದ 4,000ನೂ ಸೇರಿಸಿ ತಿಂಗಳಿಗೆ 9,000 ಕಟ್ಟಿದ್ರೆ, ಹೊಸದಾಗಿ ಏನೂ ಉಜ್ಜದೇ ಇದ್ರೆ, ಆರೇಳು ತಿಂಗಳಲ್ಲಿ ಸಾಲ ಮುಗಿಯುತ್ತೆ. ಮುಗಿದ ಮರುತಿಂಗಳಿಂದ ಅದೇ 9,000 ಸೇವಿಂಗ್ಸಿಗೆ ತಿರುಗಿಸಿ.

ಆಫೀಸಲ್ಲಿ ಜನಾನ ತೆಗೀತಾರೆ ಅನ್ನೋ ಗುಸುಗುಸು ಏನಾದ್ರೂ ಇದ್ರೆ ಮಾತ್ರ ನಾನು ಬೇರೆ ಮಾತಾಡ್ತೀನಿ, ಆಗ 60,000 ಇಟ್ಕೊಳಿ, ಬಡ್ಡಿ ಹೋದ್ರೆ ಹೋಗ್ಲಿ. ಬಾಕಿನ ಕಮ್ಮಿ ಬಡ್ಡಿ ಇಎಂಐಗೆ ಬದಲಾಯಿಸ್ತೀರಾ ಅಂತ ಬ್ಯಾಂಕಲ್ಲಿ ಕೇಳಿ ನೋಡಿ, ಪ್ರೊಸೆಸಿಂಗ್ ಫೀ ಎಷ್ಟು ಅಂತಾನೂ ಕೇಳಿ. ಮಧ್ಯದಲ್ಲಿ ಏನಾದ್ರೂ ಎಮರ್ಜೆನ್ಸಿ ಬಂದು ಆ 30,000 ಕರಗಿದ್ರೆ ಬೇಜಾರ್ ಮಾಡ್ಕೋಬೇಡಿ, ಅದಕ್ಕೇ ಇಟ್ಟಿರೋದು, ಕೆಲವು ತಿಂಗಳು ಕಾರ್ಡಿಗೆ ಮಿನಿಮಮ್ ಮಾತ್ರ ಕಟ್ಟಿ ಅದನ್ನ ಮತ್ತೆ ತುಂಬಿಸ್ಕೊಳಿ.

ಇವತ್ತು ರಾತ್ರಿ ಬ್ಯಾಲೆನ್ಸ್ ನೋಡೋಕೆ ಫೋನ್ ತೆಗೀತೀರಲ್ಲ, ಆಗ್ಲೇ ಶಾಪಿಂಗ್ ಆ್ಯಪುಗಳಲ್ಲಿ ಸೇವ್ ಆಗಿರೋ ಕಾರ್ಡ್ ನಂಬರನ್ನೂ ಡಿಲೀಟ್ ಮಾಡಿಬಿಡಿ.