ಓದುಗರ ಪ್ರಶ್ನೆ, ನಮ್ಮ ಉತ್ತರ: ಕ್ರೇನ್ ಬರುವ ಮುನ್ನ

ಪ್ರಶ್ನೆ: ಮಲೇಬೆನ್ನೂರಿನ ಬಳಿ ನಮ್ಮದೊಂದು ಅಕ್ಕಿ ಗಿರಣಿಯಿದೆ. ಭತ್ತ ಬೇಯಿಸುವ ಹೊಸ ಟ್ಯಾಂಕನ್ನು ಕ್ರೇನಿನಿಂದ ಎತ್ತಿ, ಗೋಡೆಯಾಚೆ ಕಟ್ಟಿರುವ ಕಟ್ಟೆಯ ಮೇಲೆ ಕೂರಿಸಬೇಕು. ಕ್ರೇನ್ ನಿಲ್ಲುವ ಜಾಗಕ್ಕೂ ಕಟ್ಟೆಗೂ 10 ಮೀಟರ್ ದೂರ, ಟ್ಯಾಂಕಿನ ತೂಕ 6 ಟನ್. ‘ನನ್ನದು 20 ಟನ್ ಕ್ರೇನು, ಚಿಂತೆ ಬಿಡಿ’ ಎನ್ನುತ್ತಾರೆ ಆಪರೇಟರ್. ಅವರ ಮಾತನ್ನು ನಂಬಬಹುದೇ?
– ಗಿರಣಿ ಮಾಲೀಕರು, ಹರಿಹರ ತಾಲ್ಲೂಕು

ಉತ್ತರ: ಅಷ್ಟೇ ಮಾತನ್ನು ನಂಬಿ ಕೆಲಸಕ್ಕೆ ಇಳಿಯಬೇಡಿ. 20 ಟನ್ ಎನ್ನುವುದು ಆ ಕ್ರೇನು ತನ್ನ ಬುಡದ ಹತ್ತಿರ, ಸುಮಾರು 3 ಮೀಟರ್ ದೂರದಲ್ಲಿ, ಬೂಮನ್ನು, ಅಂದರೆ ಭಾರ ಎತ್ತುವ ಉದ್ದನೆಯ ತೋಳನ್ನು, ಪೂರ್ತಿ ಒಳಗೆ ಎಳೆದುಕೊಂಡಾಗ ಎತ್ತಬಲ್ಲ ತೂಕ. ದೂರ ಹೆಚ್ಚಿದಂತೆಲ್ಲ ಈ ಶಕ್ತಿ ಕುಗ್ಗುತ್ತದೆ. 20 ಟನ್ನನ್ನು 3 ಮೀಟರಿನಿಂದ ಗುಣಿಸಿದರೆ 60. ನಿಮ್ಮ 6 ಟನ್ನನ್ನು 10 ಮೀಟರಿನಿಂದ ಗುಣಿಸಿದರೂ 60. ಅಂದರೆ ಕಾಗದದ ಲೆಕ್ಕದಲ್ಲೇ ನೀವು ಅಂಚಿಗೆ ಬಂದು ನಿಂತಿದ್ದೀರಿ. ಉದ್ದಕ್ಕೆ ಚಾಚಿದ ಬೂಮಿನ ಸ್ವಂತ ತೂಕವೂ ಮುಂದಕ್ಕೆ ಜಗ್ಗುವುದರಿಂದ ನಿಜವಾದ ಶಕ್ತಿ ಇದಕ್ಕಿಂತ ಕಡಿಮೆಯೇ ಇರುತ್ತದೆ. ಕ್ಯಾಬಿನ್ನಿನಲ್ಲಿ ಅಂಟಿಸಿರುವ ಲೋಡ್ ಚಾರ್ಟನ್ನು (ಎಷ್ಟು ದೂರಕ್ಕೆ ಎಷ್ಟು ತೂಕ ಎತ್ತಬಹುದೆಂಬ ಪಟ್ಟಿ) ತೋರಿಸಲು ಹೇಳಿ, 10 ಮೀಟರಿನ ಸಾಲಿನಲ್ಲಿ ಎಷ್ಟಿದೆಯೆಂದು ನೀವೇ ಓದಿಕೊಳ್ಳಿ. ದೂರವನ್ನು ಕ್ರೇನಿನ ಮೂತಿಯಿಂದಲ್ಲ, ಬೂಮು ತಿರುಗುವ ನಡುಬಿಂದುವಿನಿಂದ ಹುಕ್ಕಿನ ನೇರಕ್ಕೆ ಅಳೆಯಬೇಕು. ಹಲವರು ಎಡವುವುದು ಇಲ್ಲಿಯೇ. ಹುಕ್ಕು, ಬೆಲ್ಟು, ಅವನ್ನು ಸೇರಿಸುವ ಉಕ್ಕಿನ ಕೊಂಡಿಗಳಾದ ಶ್ಯಾಕಲ್‌ಗಳ ತೂಕವನ್ನೂ ಟ್ಯಾಂಕಿನ ತೂಕಕ್ಕೆ ಸೇರಿಸಿಕೊಳ್ಳಿ. ಪರೀಕ್ಷೆಗೆಂದು ತುಂಬಿದ ನೀರು ಟ್ಯಾಂಕಿನ ತಳದಲ್ಲಿ ಉಳಿದಿದ್ದರೆ ಪ್ರತಿ ಸಾವಿರ ಲೀಟರಿಗೆ ಒಂದು ಟನ್ ಹೆಚ್ಚುತ್ತದೆ ಎಂಬುದನ್ನೂ ಮರೆಯಬೇಡಿ.

ನೀವು ಕೇಳದಿದ್ದರೂ ಹೇಳಲೇಬೇಕಾದದ್ದು ನೆಲದ ವಿಚಾರ. ಭದ್ರಾ ನಾಲೆಯ ಬಯಲಿನ ಕರಿಮಣ್ಣು ಬೇಸಿಗೆಯಲ್ಲಿ ಬಿರುಕು ಬಿಟ್ಟು ಕಲ್ಲಿನಂತೆ ಕಂಡರೂ ಒಂದು ಮಳೆ ಬಿದ್ದರೆ ಉಬ್ಬಿ ಮೆತ್ತಗಾಗುತ್ತದೆ. ಕ್ರೇನು ಮತ್ತು ಭಾರ ಸೇರಿ 30 ಟನ್ ಎಂದಿಟ್ಟುಕೊಳ್ಳಿ. ಬೂಮು ಒಂದು ಮೂಲೆಯ ಕಡೆ ತಿರುಗಿದಾಗ ಅದರ ಮುಕ್ಕಾಲು ಪಾಲು, ಅಂದರೆ 22 ಟನ್ನಿಗೂ ಮಿಕ್ಕಿ, ಆ ಮೂಲೆಯ ಒಂದೇ ಜಾಕಿನ (ಕ್ರೇನು ಬದಿಗೆ ಚಾಚಿ ನೆಲಕ್ಕೂರುವ ಕಾಲಿನ) ಮೇಲೆ ಬೀಳಬಹುದು. ಜಾಕಿನ ಪಾದ 40 ಸೆಂಟಿಮೀಟರ್ ಚೌಕವಾಗಿದ್ದರೆ ಚದರ ಮೀಟರಿಗೆ 140 ಟನ್ ಒತ್ತಡ. ಒಣಗಿದ ಕರಿಮಣ್ಣೂ ಅದನ್ನು ತಾಳಲಾರದು. ಅದೇ ಪಾದದ ಕೆಳಗೆ ಗಟ್ಟಿಮರದ ದಪ್ಪ ಸ್ಲೀಪರುಗಳನ್ನು ಸಂದಿಲ್ಲದಂತೆ ಜೋಡಿಸಿ, ಒಂದೂವರೆ ಮೀಟರ್ ಚೌಕದ ಹಾಸು ಮಾಡಿ, ಮೇಲೆ ದಪ್ಪ ಉಕ್ಕಿನ ತಟ್ಟೆಯಿಟ್ಟರೆ ಒತ್ತಡ 10 ಟನ್ನಿಗೆ ಇಳಿಯುತ್ತದೆ. ತೆಳುವಾದ ಹಲಗೆಯಾದರೆ ನಡುವೆ ಬಾಗಿ, ಅಂಚುಗಳು ಮೇಲೆದ್ದು, ಹಾಸಿದ್ದೂ ಹಾಸದಿದ್ದಂತೆಯೇ ಆಗುತ್ತದೆ.

ಗಿರಣಿಗಳಲ್ಲಿ ಇನ್ನೊಂದು ಅಪಾಯವಿದೆ. ಹಳೆಯ ಹೊಂಡಗಳನ್ನು ಹೊಟ್ಟಿನ ಬೂದಿಯಿಂದ ಮುಚ್ಚಿ, ಮೇಲೆ ಒಂದು ಪದರ ಗ್ರಾವೆಲ್ ಎಳೆದುಬಿಟ್ಟಿರುತ್ತಾರೆ. ಅಂಥದೊಂದು ಅಂಗಳದಲ್ಲಿ ಹಿಂಬದಿಯ ಜಾಕು ಸದ್ದಿಲ್ಲದೆ ಇಳಿದದ್ದನ್ನು ನಾನು ಕಂಡಿದ್ದೇನೆ. ಮೊದಲು ಪಾದದ ಸುತ್ತ ಕಪ್ಪು ಪುಡಿ ಉಬ್ಬಿ ಬಂತು, ಆಮೇಲೆ ಎದುರುಗಡೆಯ ಜಾಕಿನ ಪಾದ ನೆಲಬಿಟ್ಟು ಎರಡು ಬೆರಳಿನಷ್ಟು ಮೇಲೆದ್ದಿತು. ಆಪರೇಟರ್ ಗಾಬರಿಯಾಗದೆ ಭಾರವನ್ನು ತಕ್ಷಣ ಕೆಳಗಿಳಿಸಿದ್ದರಿಂದ ಅನಾಹುತ ತಪ್ಪಿತು. ನಿಮ್ಮ ಅಂಗಳದಲ್ಲಿ ಎಲ್ಲೆಲ್ಲಿ ಹೊಂಡ, ಚರಂಡಿ, ಸೆಪ್ಟಿಕ್ ಟ್ಯಾಂಕ್ ಇದ್ದವೆಂಬುದು ಹೊರಗಿನಿಂದ ಬಂದ ಆಪರೇಟರ್‌ಗೆ ತಿಳಿಯುವುದಿಲ್ಲ. ಅದನ್ನು ಹೇಳಬೇಕಾದವರು ನೀವು. ತೆರೆದ ಗುಂಡಿಯಿದ್ದರೆ ಅದರ ಆಳದ ಎರಡರಷ್ಟಾದರೂ ದೂರದಲ್ಲಿ ಜಾಕು ಊರಲಿ.

ನಾಲ್ಕೂ ಜಾಕುಗಳನ್ನು ಪೂರ್ತಿ ಚಾಚಿ, ಟೈರುಗಳೆಲ್ಲ ನೆಲ ಬಿಟ್ಟ ಮೇಲೆ ಕ್ರೇನು ಸಮತಟ್ಟಾಗಿದೆಯೇ ಎಂದು ಮಟ್ಟ ನೋಡಬೇಕು. ಜಾಗ ಇಕ್ಕಟ್ಟೆಂದು ಗೋಡೆಯ ಕಡೆಯ ಜಾಕನ್ನು ಅರ್ಧ ಚಾಚುವುದಾದರೆ, ಪೂರ್ತಿ ಚಾಚಿದಾಗಿನ ಚಾರ್ಟು ಆ ಬದಿಗೆ ಅನ್ವಯಿಸುವುದಿಲ್ಲ. ಟ್ಯಾಂಕನ್ನು ಮೊದಲು ಒಂದು ಗೇಣು ಮಾತ್ರ ಎತ್ತಿ, ಹಾಗೆಯೇ ನಿಲ್ಲಿಸಿ, ನಾಲ್ಕು ಜಾಕುಗಳನ್ನೂ ಒಬ್ಬರು ಸುತ್ತಿ ನೋಡಿ ಬರಲಿ. ಬೆಲ್ಟುಗಳನ್ನು ತೀರ ಅಗಲಕ್ಕೆ ಕಟ್ಟಬೇಡಿ: ಹುಕ್ಕಿನಿಂದ ಎರಡು ಕಾಲಾಗಿ ಇಳಿಯುವ ಬೆಲ್ಟು (ಸ್ಲಿಂಗು) ನೆಲಕ್ಕೆ 60 ಡಿಗ್ರಿ ಕೋನದಲ್ಲಿದ್ದರೆ ಪ್ರತಿ ಕಾಲಿನ ಮೇಲೆ ಭಾರದ ಶೇ 58ರಷ್ಟು ಎಳೆತವಿರುತ್ತದೆ, 30 ಡಿಗ್ರಿಗೆ ಇಳಿದರೆ ಪ್ರತಿ ಕಾಲೂ ಇಡೀ ಭಾರದಷ್ಟೇ ಎಳೆತವನ್ನು ಹೊರಬೇಕಾಗುತ್ತದೆ. ಎತ್ತುವ ಯಂತ್ರಗಳನ್ನು 12 ತಿಂಗಳಿಗೊಮ್ಮೆ ಅರ್ಹರಿಂದ ತಪಾಸಣೆ ಮಾಡಿಸಬೇಕೆಂಬುದು 1948ರ ಕಾರ್ಖಾನೆ ಕಾಯಿದೆಯ ಕಾಲದಿಂದಲೂ ಇರುವ ನಿಯಮ. ಆ ಪ್ರಮಾಣಪತ್ರವನ್ನು ಕೇಳಲು ಸಂಕೋಚ ಬೇಡ.

ಪ್ರಶ್ನೆ: ದಾವಣಗೆರೆಯಲ್ಲಿ ಮನೆ ಕಟ್ಟಿಸುತ್ತಿದ್ದೇನೆ. ಸೈಟಿನ ಮುಂದೆಯೇ 11 ಸಾವಿರ ವೋಲ್ಟಿನ ಲೈನು ಹಾದುಹೋಗಿದೆ. ಕ್ರೇನು ತಂತಿಗೆ ತಾಗದಂತೆ ಹುಷಾರಾಗಿ ನಡೆಸಿದರೆ ಸಾಲದೇ?

ಉತ್ತರ: ಸಾಲದು. ತಂತಿಗೆ ತಾಗದಿದ್ದರೂ ತೀರ ಹತ್ತಿರ ಹೋದರೆ ವಿದ್ಯುತ್ತು ಹಾರಿ ಬರುತ್ತದೆ. ಬೂಮಾಗಲಿ, ಹಗ್ಗವಾಗಲಿ, ಭಾರವಾಗಲಿ 3 ಮೀಟರಿಗಿಂತ ಹತ್ತಿರ ಸುಳಿಯಬಾರದು. ಆ ಅಂತರ ಸಿಗದಿದ್ದರೆ ಬೆಸ್ಕಾಂ ಶಾಖಾ ಕಚೇರಿಗೆ ಅರ್ಜಿ ಕೊಟ್ಟು, ಲೈನ್ ಕ್ಲಿಯರ್ (ಲೈನಿನ ವಿದ್ಯುತ್ ಕಡಿತಗೊಳಿಸಿ ಕೊಡುವ ಅನುಮತಿ) ಸಿಕ್ಕ ಮೇಲೆಯೇ ಕೆಲಸ ಆರಂಭಿಸಿ. ಅಕಸ್ಮಾತ್ ತಾಗಿದರೆ ಆಪರೇಟರ್ ಕ್ಯಾಬಿನ್ನಿನಲ್ಲೇ ಕೂತಿರಬೇಕು, ಕೆಳಗಿದ್ದವರು ಕ್ರೇನನ್ನು ಮುಟ್ಟಬಾರದು.

ಪ್ರಶ್ನೆ: ಚಿತ್ರದುರ್ಗದ ಹೊರವಲಯದಲ್ಲಿ ಶೆಡ್ಡಿನ ಮೇಲೆ ಶೀಟು ಹೊದಿಸುತ್ತಿದ್ದೇವೆ. ಶೀಟಿನ ತೂಕ ಅಷ್ಟೇನೂ ಇಲ್ಲ. ಹಾಗಿದ್ದರೂ ಗಾಳಿಯಿದೆ ಎಂದು ಆಪರೇಟರ್ ಕೆಲಸ ನಿಲ್ಲಿಸುತ್ತಾರೆ, ಬಾಡಿಗೆ ಮಾತ್ರ ಏರುತ್ತಲೇ ಇದೆ.

ಉತ್ತರ: ಈ ಸಲ ಆಪರೇಟರ್ ಹೇಳುವುದೇ ಸರಿ. ನಿಮ್ಮೂರ ಬಳಿಯ ಜೋಗಿಮಟ್ಟಿ ಬೆಟ್ಟಸಾಲಿನಲ್ಲಿ ಗಾಳಿಯಂತ್ರಗಳನ್ನು ಸುಮ್ಮನೆ ನಿಲ್ಲಿಸಿಲ್ಲ. ಗಾಳಿಯ ವೇಗ ಎರಡು ಪಟ್ಟಾದರೆ ಅದರ ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ತೂಕ ಕಡಿಮೆಯಿದ್ದು ಹರವು ಹೆಚ್ಚಿರುವ ಶೀಟು ಹಾಯಿಯಂತೆ ಗಾಳಿ ಹಿಡಿದು ಬೂಮನ್ನು ಅಡ್ಡಕ್ಕೆ ಎಳೆಯುತ್ತದೆ, ಅಡ್ಡ ಎಳೆತವನ್ನು ತಡೆಯುವ ಶಕ್ತಿ ಬೂಮಿಗೆ ಕಡಿಮೆ. ಗಂಟೆಗೆ 35 ಕಿಲೋಮೀಟರಿನ ಆಸುಪಾಸಿನಲ್ಲಿ ಕೆಲಸ ನಿಲ್ಲಿಸಲು ಅನೇಕ ಕ್ರೇನುಗಳ ಕೈಪಿಡಿಯೇ ಹೇಳುತ್ತದೆ. ಶೀಟಿಗಾದರೆ ಅದಕ್ಕೂ ಮೊದಲೇ ನಿಲ್ಲಿಸುವುದು ಲೇಸು. ಆಷಾಢ ಕಳೆಯುವವರೆಗೂ ಶೀಟು ಎತ್ತುವ ಕೆಲಸವನ್ನು ಗಾಳಿ ತಗ್ಗಿರುವ ಬೆಳಗಿನ ಹೊತ್ತಿಗೆ ಇಟ್ಟುಕೊಳ್ಳಿ, ಕಟ್ಟಿನ ಎರಡು ತುದಿಗೂ ಹಗ್ಗ ಬಿಗಿದು ಕೆಳಗಿನಿಂದ ಇಬ್ಬರು ಹಿಡಿದಿರಲಿ. ಬಾಡಿಗೆಯನ್ನು ಕೆಲಸ ಮಾಡಿದ ಗಂಟೆಯ ಲೆಕ್ಕದಲ್ಲಿ ಮೊದಲೇ ಮಾತಾಡಿಕೊಂಡರೆ ಆ ಜಗಳವೂ ಇರುವುದಿಲ್ಲ.