ಮೂರು ಇಂಚು ಎತ್ತರಿಸಿದ ಮೇಲೆ ಗಾಡಿ ಡಾಂಬರು ರಸ್ತೆಯಲ್ಲಿ ಎತ್ತಿ ಕುಕ್ಕುತ್ತಿದೆ, ಹೊಸ ಶಾಕ್ ಹಾಕಿಸಲೇ?

ನಿಮ್ಮ ಪ್ರಶ್ನೆಯನ್ನು ಎರಡು ಬಾರಿ ಓದಿದೆ. ಮುಂದೆ ಕಾಯಿಲ್ (ಸುರುಳಿ) ಸ್ಪ್ರಿಂಗ್, ಹಿಂದೆ ಲೀಫ್ ಸ್ಪ್ರಿಂಗ್ (ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳು) ಇರುವ ಗಾಡಿಗೆ ಮೂರು ಇಂಚಿನ ಲಿಫ್ಟ್ ಕಿಟ್ ಮತ್ತು ದಪ್ಪ ಗೋಡೆಯ ಆಫ್‌ರೋಡ್ ಟೈರು ಹಾಕಿಸಿದ್ದೀರಿ. ಕಲ್ಲುಹಾದಿಯಲ್ಲಿ ತಕರಾರಿಲ್ಲ, ಒಳ್ಳೆಯ ರಸ್ತೆಗೆ ಬಂದರೆ ಸಣ್ಣ ಉಬ್ಬಿಗೂ ಕುಕ್ಕುತ್ತದೆ, ಹಿಂದಿನ ಸೀಟಿನಲ್ಲಿ ಕೂರುವ ನಿಮ್ಮ ತಾಯಿಯವರಿಗೆ ಬೆನ್ನುನೋವು ಶುರುವಾಗಿದೆ. ದುಬಾರಿ ಶಾಕ್ ಅಬ್ಸಾರ್ಬರ್ ಹಾಕಿಸಿದರೆ ಸರಿಹೋದೀತೇ ಎಂದು ಕೇಳಿದ್ದೀರಿ.

ದಯವಿಟ್ಟು ಈಗಲೇ ಹಾಕಿಸಬೇಡಿ. ನಾನು ಮೊದಲು ಮಾಡಿದ್ದು ಅದನ್ನೇ. ಶಾಕ್ ಬದಲಾಯಿತು, ಕುಕ್ಕಾಟ ಹಾಗೆಯೇ ಉಳಿಯಿತು. ಆಮೇಲೆ ಗಾಡಿಯ ಕೆಳಗೆ ಮಲಗಿ ಒಂದೊಂದೇ ಜಾಗ ನೋಡುತ್ತಾ ಹೋದಾಗ ತಿಳಿದದ್ದಿಷ್ಟು: ಎತ್ತರಿಸಿದ ಗಾಡಿ ಒರಟಾಗಲು ಸ್ಪ್ರಿಂಗ್ ಗಟ್ಟಿಯಾಗಿರುವುದೊಂದೇ ಕಾರಣವಲ್ಲ. ಚಕ್ರಕ್ಕೆ ಮೇಲೆ ಕೆಳಗೆ ಆಡಲು ಎಲ್ಲೋ ಒಂದು ಕಡೆ ಅಡ್ಡಿಯಾಗಿರುತ್ತದೆ. ಆ ಅಡ್ಡಿಯನ್ನು ಬಿಡಿಸದೆ ಯಾವ ಶಾಕ್ ಹಾಕಿದರೂ ಪ್ರಯೋಜನವಿಲ್ಲ.

ಟೈರಿನ ಗಾಳಿಯಿಂದ ಶುರು ಮಾಡಿ, ಖರ್ಚಿಲ್ಲದ ಕೆಲಸ. ಬಾಗಿಲಿನ ಚೌಕಟ್ಟಿಗೆ ಅಂಟಿಸಿರುವ ಚೀಟಿಯ ಅಂಕಿ ಗಾಡಿಯ ಮೂಲ ಟೈರಿಗೆ ಹೇಳಿದ್ದು. ಎಲ್‌ಟಿ (ಲೈಟ್ ಟ್ರಕ್) ಎಂದು ಗುರುತಿರುವ ಟೈರು ಅಷ್ಟೇ ಭಾರ ಹೊರಲು ತುಸು ಹೆಚ್ಚು ಗಾಳಿ ಬೇಡುತ್ತದೆ. ಹಾಗೆಂದು ಟೈರಿನ ಗೋಡೆಯ ಮೇಲೆ ಅಚ್ಚಾಗಿರುವ ಗರಿಷ್ಠ ಅಂಕಿಯವರೆಗೆ ತುಂಬಿಸಿದರೆ ಟೈರು ಕಲ್ಲಿನಂತಾಗುತ್ತದೆ. ನಾನು ಮಾಡುವುದು ಹೀಗೆ: ಬೆಳಿಗ್ಗೆ ಟೈರು ತಣ್ಣಗಿರುವಾಗ ಗಾಳಿ ಅಳೆದು ಬರೆದಿಟ್ಟುಕೊಳ್ಳುತ್ತೇನೆ. ಅರ್ಧ ಗಂಟೆ ಹೆದ್ದಾರಿಯಲ್ಲಿ ಓಡಿಸಿ, ನಿಲ್ಲಿಸಿದ ಕೂಡಲೇ ಮತ್ತೆ ಅಳೆಯುತ್ತೇನೆ. 4 ಪಿಎಸ್‌ಐ ಆಸುಪಾಸು ಏರಿದ್ದರೆ ಸರಿಯಾಗಿದೆ. ಒಂದೋ ಎರಡೋ ಮಾತ್ರ ಏರಿದ್ದರೆ ಗಾಳಿ ಹೆಚ್ಚಾಗಿದೆ. 2 ಪಿಎಸ್‌ಐ ಇಳಿಸಿ ಮರುದಿನ ಮತ್ತೆ ನೋಡಬೇಕು. ಏಳೆಂಟು ಏರಿದ್ದರೆ ಗಾಳಿ ಕಡಿಮೆಯಿದೆ, ಟೈರಿನ ಗೋಡೆ ಮಡಚಿ ಮಡಚಿ ಕಾಯುತ್ತಿದೆ ಎಂದರ್ಥ. ಮೆತ್ತಗಾಗಲಿ ಎಂದು ಹೆದ್ದಾರಿಯಲ್ಲಿ ಅಂಥ ಟೈರಿನಲ್ಲಿ ಓಡಿಸಿದರೆ ಅದು ಸಿಡಿಯಬಹುದು, ಆ ಆಟ ಬೇಡ. ಮುಂದೆ ಟೈರು ಬದಲಿಸುವಾಗ ಲೋಡ್ ರೇಂಜ್, ಅಂದರೆ ಟೈರು ಹೊರಬಲ್ಲ ಭಾರದ ದರ್ಜೆ, ನೋಡಿ ಕೊಳ್ಳಿ. ಭಾರ ಎಳೆಯದ ಗಾಡಿಗೆ ಇ ದರ್ಜೆಯ ಟೈರು ಅನವಶ್ಯಕ. ನಿಮ್ಮ ಅಳತೆಯಲ್ಲಿ ಸಿ ದರ್ಜೆಯದು ಸಿಕ್ಕಿದರೆ, ಮತ್ತು ಅದರ ಭಾರದ ಮಿತಿ ನಿಮ್ಮ ಗಾಡಿಗೆ ಸಾಕಾಗುವಂತಿದ್ದರೆ, ಅದೇ ಹಿತ. ಗೋಡೆ ಬಾಗುತ್ತದೆ, ತೂಕವೂ ಕಡಿಮೆ.

ಈಗ ಬುಷ್. ಇದರ ಬಗ್ಗೆ ವಿವರವಾಗಿ ಹೇಳಲೇಬೇಕು, ಏಕೆಂದರೆ ನನ್ನ ಗಾಡಿಯ ಅರ್ಧ ಒರಟುತನ ಇಲ್ಲಿಯೇ ಇತ್ತು. ಲೀಫ್ ಸ್ಪ್ರಿಂಗಿನ ಎರಡೂ ಕಣ್ಣುಗಳಲ್ಲಿ (ತುದಿಯ ಬಳೆಗಳಲ್ಲಿ), ಶ್ಯಾಕಲಿನಲ್ಲಿ (ಸ್ಪ್ರಿಂಗಿನ ಒಂದು ತುದಿಯನ್ನು ಚಾಸಿಸ್‌ಗೆ ಜೋಡಿಸುವ, ಆಡುವ ಕೊಂಡಿಯಲ್ಲಿ), ಮುಂದಿನ ಆಕ್ಸಲನ್ನು ಹಿಡಿದಿರುವ ಆರ್ಮ್‌ಗಳ ತುದಿಯಲ್ಲಿ ರಬ್ಬರ್ ಬುಷ್‌ಗಳಿರುತ್ತವೆ. ಬೋಲ್ಟ್ ಬಿಗಿದಾಗ ಬುಷ್‌ನ ಒಳಗಿನ ಕೊಳವೆ ಅಲ್ಲಾಡದಂತೆ ನಿಲ್ಲುತ್ತದೆ. ಚಕ್ರ ಏರಿಳಿದಂತೆಲ್ಲ ರಬ್ಬರ್ ಮಾತ್ರ ತಿರುಚಿಕೊಳ್ಳುತ್ತದೆ. ಕಿಟ್ ಹಾಕುವವರು ಗಾಡಿಯನ್ನು ಮೇಲೆತ್ತಿ, ಚಕ್ರ ಜೋತಾಡುತ್ತಿರುವಾಗಲೇ ಬೋಲ್ಟ್ ಬಿಗಿದುಬಿಟ್ಟರೆ, ಗಾಡಿ ನೆಲಕ್ಕಿಳಿದ ಕ್ಷಣದಿಂದ ಆ ರಬ್ಬರ್ ತಿರುಚಿದ ಸ್ಥಿತಿಯಲ್ಲೇ ಇರುತ್ತದೆ. ಸ್ಪ್ರಿಂಗಿನ ಜೊತೆಗೆ ಅದೂ ಇನ್ನೊಂದು ಸ್ಪ್ರಿಂಗಿನಂತೆ ತಳ್ಳುತ್ತಿರುತ್ತದೆ, ಬೇಗ ಹರಿದೂ ಹೋಗುತ್ತದೆ.

ನನ್ನದನ್ನು ಸರಿಮಾಡಿದ ದಿನ ಇನ್ನೂ ನೆನಪಿದೆ. ಗಾಡಿ ಸಮತಟ್ಟಾದ ನೆಲದ ಮೇಲೆ ನಾಲ್ಕೂ ಚಕ್ರಗಳಲ್ಲಿ ನಿಂತಿತ್ತು. ಸ್ಪ್ಯಾನರಿನ ಹಿಡಿಗೆ ಉದ್ದನೆಯ ಪೈಪು ಸಿಕ್ಕಿಸಿ, ಹಿಂದಿನ ಎಡ ಶ್ಯಾಕಲಿನ ನಟ್ಟನ್ನು ಮೆಲ್ಲಗೆ ಸಡಿಲಿಸಿದೆ. ಟಕ್ ಎಂದು ಸದ್ದಾಯಿತು. ತಲೆಯ ಮೇಲಿದ್ದ ಚಾಸಿಸ್ ಕಣ್ಣೆದುರೇ ಒಂದು ಬೆರಳಗಲ ಕೆಳಗೆ ಕೂತಿತು. ಬಲಗಡೆಯೂ ಹಾಗೆಯೇ ಆಯಿತು. ಅಷ್ಟು ದಿನ ಆ ಬೆರಳಗಲದ ಎತ್ತರವನ್ನು ಎತ್ತಿ ಹಿಡಿದಿದ್ದದ್ದು ತಿರುಚಿದ ರಬ್ಬರು. ಬಂಪರ್ ಹಿಡಿದು ನಾಲ್ಕು ಸಲ ಜಗ್ಗಿ, ಗಾಡಿ ತನ್ನ ಎತ್ತರಕ್ಕೆ ತಾನೇ ಕೂತ ಮೇಲೆ, ಸರ್ವೀಸ್ ಪುಸ್ತಕದಲ್ಲಿರುವ ಅಳತೆಗೆ ಟಾರ್ಕ್ ರೆಂಚಿನಿಂದ ಮತ್ತೆ ಬಿಗಿದೆ. ಮುಂದಿನ ಆರ್ಮ್‌ಗಳಿಗೂ ಅದೇ ಕೆಲಸ. ಹೊಸದಾಗಿ ಒಂದು ಬಿಡಿಭಾಗವನ್ನೂ ಕೊಳ್ಳದೆ ಗಾಡಿಯ ಗುಣವೇ ಬದಲಾಯಿತು. ನೀವೂ ಮಾಡುವುದಾದರೆ ನಟ್ಟನ್ನು ಸಡಿಲಿಸಿ ಅಷ್ಟೇ, ಬೋಲ್ಟನ್ನು ಹೊರಗೆಳೆಯಬೇಡಿ. ಒಂದಾದ ಮೇಲೆ ಒಂದರಂತೆ ಮಾಡಿ. ಕಿಟ್ ಜೊತೆಗೆ ಪಾಲಿಯುರೆಥೇನ್ ಬುಷ್ ಬಂದಿದ್ದರೆ ಅದರ ಕಥೆ ಬೇರೆ. ಅದು ಬಾಳಿಕೆ ಬರುತ್ತದೆ, ಆದರೆ ರಸ್ತೆಯ ಸಣ್ಣ ನಡುಕವನ್ನೆಲ್ಲ ಚಾಸಿಸ್‌ಗೆ ದಾಟಿಸುತ್ತದೆ. ದಿನವೂ ರಸ್ತೆಯಲ್ಲಿ ಓಡಿಸುವವರಿಗೆ ನಾನು ರಬ್ಬರನ್ನೇ ಹೇಳುತ್ತೇನೆ.

ಅಲ್ಲಿಯೇ ಶ್ಯಾಕಲಿನ ಓರೆಯನ್ನೂ ನೋಡಿಕೊಳ್ಳಿ. ಲೀಫ್ ಸ್ಪ್ರಿಂಗ್ ಒತ್ತಿದಾಗ ಚಪ್ಪಟೆಯಾಗಿ ಉದ್ದವಾಗುತ್ತದೆ. ಆ ಉದ್ದಕ್ಕೆ ಜಾಗ ಕೊಡಲೆಂದೇ ಶ್ಯಾಕಲ್ ಇರುವುದು. ಶ್ಯಾಕಲ್ ಹಿಂದುಗಡೆ ಇರುವ ಗಾಡಿಯಲ್ಲಿ, ನಿಂತಾಗ ಅದರ ಕೆಳತುದಿ ತುಸು ಹಿಂದಕ್ಕೆ ವಾಲಿರಬೇಕು. ಹೊಸ ಸ್ಪ್ರಿಂಗಿನ ಬಾಗು ಹೆಚ್ಚಾಗಿ ಅದು ನೆಟ್ಟಗೆ ನಿಂತಿದ್ದರೆ ಅಥವಾ ಮುಂದಕ್ಕೆ ವಾಲಿದ್ದರೆ ಸ್ಪ್ರಿಂಗ್ ಸಲೀಸಾಗಿ ಉದ್ದವಾಗಲಾರದು. ಎತ್ತರಕ್ಕಾಗಿ ನಡುವೆ ಒಂದು ಮೋಟು ಪಟ್ಟಿ ಸೇರಿಸಿದ್ದರೂ ಇದೇ ಪಾಡು; ಆ ಮೋಟು ಪಟ್ಟಿ ತೆಗೆಸಿ ಪೂರ್ತಿ ಉದ್ದದ್ದು ಹಾಕಿಸಿ. ಪಟ್ಟಿಗಳ ನಡುವಿನ ತುಕ್ಕು ಕೆರೆದು, ತುದಿಗಳಲ್ಲಿ ನೈಲಾನ್ ತುಂಡುಗಳನ್ನು ಕೂರಿಸಿದರೆ ಉಜ್ಜಾಟ ಕಡಿಮೆಯಾಗುತ್ತದೆ.

ಮುಂದಿನದು ಚಕ್ರದ ಓಡಾಟದ ಅಳತೆ. ಗಾಡಿ ನಿಂತಿರುವಾಗ ಶಾಕ್‌ನ ಮೇಲಿನ ಬೋಲ್ಟಿನಿಂದ ಕೆಳಗಿನ ಬೋಲ್ಟಿನವರೆಗೆ ಟೇಪು ಹಿಡಿದು ಅಳೆಯಿರಿ. ಬಳಿಕ ಚಾಸಿಸ್ಸನ್ನು ಜಾಕಿಯಲ್ಲಿ ಎತ್ತಿ, ಗಟ್ಟಿ ಸ್ಟ್ಯಾಂಡಿನ ಮೇಲೆ ಕೂರಿಸಿ, ಆಕ್ಸಲ್ ಜೋತುಬಿದ್ದಾಗ ಮತ್ತೊಮ್ಮೆ ಅಳೆಯಿರಿ. ಬರೀ ಜಾಕಿಯನ್ನು ನಂಬಿ ಕೆಳಗೆ ಹೋಗಬೇಡಿ. ಶಾಕ್‌ನ ಒಟ್ಟು ಚಲನೆಯಲ್ಲಿ ಕನಿಷ್ಠ ಮೂರನೇ ಒಂದು ಭಾಗವಾದರೂ ಕೆಳಮುಖವಾಗಿ ಉಳಿದಿರಬೇಕು ಎಂಬುದು ನನ್ನ ಲೆಕ್ಕ. ಎತ್ತರಿಸಿದ ಗಾಡಿಗೆ ಹಳೆಯ ಉದ್ದದ ಶಾಕನ್ನೇ ಉಳಿಸಿದ್ದರೆ ಅದು ಆಗಲೇ ಹೆಚ್ಚುಕಡಿಮೆ ಪೂರ್ತಿ ಹಿಗ್ಗಿ ನಿಂತಿರುತ್ತದೆ. ಗುಂಡಿಗೆ ಚಕ್ರ ಇಳಿದ ತಕ್ಷಣ ಶಾಕ್ ಗಕ್ಕನೆ ಹಿಡಿದುಕೊಳ್ಳುತ್ತದೆ, ನೀವು ಅದನ್ನು ಗಟ್ಟಿ ಸ್ಪ್ರಿಂಗ್ ಎಂದುಕೊಳ್ಳುತ್ತೀರಿ. ಮೇಲಿನ ಓಡಾಟ ನೋಡಲು ಬಂಪ್ ಸ್ಟಾಪಿನ (ಆಕ್ಸಲ್ ತೀರಾ ಮೇಲೇರದಂತೆ ತಡೆಯುವ ರಬ್ಬರ್ ತುಂಡಿನ) ತುದಿಗೆ ಒಂದುಂಡೆ ಹಸಿ ಜೇಡಿಮಣ್ಣು ಮೆತ್ತಿ ದಿನನಿತ್ಯದ ದಾರಿಯಲ್ಲೇ ಓಡಿಸಿ ಬನ್ನಿ. ಮಣ್ಣು ಅಪ್ಪಚ್ಚಿಯಾಗಿದ್ದರೆ ಗಾಡಿ ಮಾಮೂಲಿ ಉಬ್ಬಿಗೇ ಸ್ಟಾಪಿಗೆ ಬಡಿಯುತ್ತಿದೆ.

ಈ ಅಳತೆಗಳೆಲ್ಲ ಸರಿಯಿದ್ದೂ ಗಾಡಿ ಬಿಗಿಯಾಗಿದ್ದರೆ ಆಗ ಸ್ಪ್ರಿಂಗನ್ನು ಅನುಮಾನಿಸಿ. ಕಿಟ್‌ಗಳ ಸ್ಪ್ರಿಂಗುಗಳಲ್ಲಿ ಹಲವು, ವಿಂಚ್, ಉಕ್ಕಿನ ಬಂಪರ್, ಸಾಮಾನು ಎಂದು ಸದಾ 200-300 ಕಿಲೋ ಹೊತ್ತಿರುವ ಗಾಡಿಗೆಂದೇ ಮಾಡಿದಂಥವು. ನೀವು ಖಾಲಿ ಓಡಿಸುತ್ತಿದ್ದರೆ ಅದೇ ಎತ್ತರದ, ಹಗುರ ಭಾರದ ಸ್ಪ್ರಿಂಗ್ ಕೇಳಿ ಬದಲಿಸಿ. ಪರೀಕ್ಷೆ ಸುಲಭ: ನಾಲ್ಕು ಜನರನ್ನು ಕೂರಿಸಿ, ಸಾಮಾನು ತುಂಬಿ ಓಡಿಸಿದಾಗ ಗಾಡಿ ಒಮ್ಮೆಲೇ ಹಿತವಾಗಿಬಿಟ್ಟರೆ ಸ್ಪ್ರಿಂಗ್ ನಿಮ್ಮ ಬಳಕೆಗೆ ಮೀರಿದ್ದು.

ಮುಂಭಾಗದಲ್ಲಿ ಇನ್ನೊಂದು ವಿಷಯವಿದೆ. ಲಿಫ್ಟ್ ಆದ ಮೇಲೆ ಚಾಸಿಸ್‌ನಿಂದ ಆಕ್ಸಲಿಗೆ ಹೋಗುವ ಆರ್ಮ್‌ಗಳು ಕಡಿದಾಗಿ ಕೆಳಗೆ ಇಳಿಬೀಳುತ್ತವೆ. ಆರ್ಮ್ ಹಿಂದಿನಿಂದ ಮುಂದಕ್ಕೆ ಚಾಚಿರುವ ಗಾಡಿಗಳಲ್ಲಿ, ಉಬ್ಬು ಹತ್ತುವಾಗ ಚಕ್ರ ಮೇಲೇರುತ್ತಲೇ ಮುಂದಕ್ಕೂ ಚಲಿಸಿ ಉಬ್ಬನ್ನೇ ಗುದ್ದುತ್ತದೆ. ಆರ್ಮ್‌ನ ಚಾಸಿಸ್ ತುದಿಯನ್ನು ಕೆಳಗಿಳಿಸುವ ಬ್ರಾಕೆಟ್ ಹಾಕಿಸಿದರೆ ಆ ಗುದ್ದು ಎದ್ದುಕಾಣುವಷ್ಟು ತಗ್ಗುತ್ತದೆ, ಕಡಿಮೆಯಾಗಿದ್ದ ಕ್ಯಾಸ್ಟರ್ ಕೋನವೂ (ಮುಂದಿನ ಚಕ್ರ ತಿರುಗುವ ಅಕ್ಷದ ಹಿಂದಿನ ವಾಲು) ಬಹುಪಾಲು ಮರಳಿ ಬಂದು ಸ್ಟಿಯರಿಂಗ್ ಅತ್ತಿತ್ತ ಅಲೆಯುವುದು ನಿಲ್ಲುತ್ತದೆ. ಆಮೇಲೆ ಅಲೈನ್‌ಮೆಂಟ್ ಮಾಡಿಸಿ, ಕ್ಯಾಸ್ಟರ್ ಎಷ್ಟಿದೆ ಎಂದು ಬರೆಸಿಕೊಳ್ಳಿ. ಆಂಟಿ-ರೋಲ್ ಬಾರ್ (ತಿರುವಿನಲ್ಲಿ ಗಾಡಿ ಪಕ್ಕಕ್ಕೆ ವಾಲುವುದನ್ನು ತಗ್ಗಿಸುವ ಸರಳು) ಬಿಚ್ಚಿ ಇಟ್ಟಿದ್ದರೆ ಉದ್ದ ಲಿಂಕ್ ಹಾಕಿ ಮತ್ತೆ ಜೋಡಿಸಿ. ಚಾವಣಿಯ ಕ್ಯಾರಿಯರ್ ಕೆಲಸವಿಲ್ಲದಾಗ ಕೆಳಗಿರಲಿ. ನಿರ್ದಿಷ್ಟ ವೇಗದಲ್ಲಿ ಮಾತ್ರ ಗುಂಯ್ ಎಂದು ನಡುಗುತ್ತಿದ್ದರೆ ಅದು ಸಸ್ಪೆನ್ಷನ್ ದೋಷವಾಗಿರಲಿಕ್ಕಿಲ್ಲ, ಪ್ರೊಪೆಲ್ಲರ್ ಶಾಫ್ಟಿನ (ಗೇರ್‌ಬಾಕ್ಸ್ ಕಡೆಯಿಂದ ಆಕ್ಸಲಿಗೆ ಶಕ್ತಿ ಒಯ್ಯುವ ದಂಡದ) ಕೋನವನ್ನೂ ಚಕ್ರಗಳ ಬ್ಯಾಲೆನ್ಸನ್ನೂ ನೋಡಿಸಿ.

ಇಷ್ಟಾದ ಮೇಲೆ ಶಾಕ್. ಮೇಲೆ ಅಳೆದ ಉದ್ದ ಮತ್ತು ಗಾಡಿಯ ನಿಜವಾದ ತೂಕ ಎರಡನ್ನೂ ಹೇಳಿ ಕೊಳ್ಳಿ. ಬಿಗಿತ ಹೊಂದಿಸಿಕೊಳ್ಳಬಹುದಾದದ್ದು ಸಿಕ್ಕರೆ ಅತ್ಯಂತ ಮೆತ್ತನೆಯ ಹಂತದಿಂದ ಆರಂಭಿಸಿ, ಉಬ್ಬು ದಾಟಿದ ಮೇಲೆ ಗಾಡಿ ಒಂದೇ ತೂಗಿಗೆ ನಿಲ್ಲುವವರೆಗೆ ಒಂದೊಂದೇ ಹಂತ ಏರಿಸಿ. ಅದನ್ನು ನಿರ್ಧರಿಸುವಾಗ ನೀವು ಸ್ಟಿಯರಿಂಗ್ ಹಿಡಿಯಬೇಡಿ. ಬೇರೆಯವರಿಗೆ ಓಡಿಸಲು ಹೇಳಿ, ನೀವು ನಿಮ್ಮ ತಾಯಿಯವರು ಕೂರುವ ಜಾಗದಲ್ಲಿ, ಹಿಂದಿನ ಆಕ್ಸಲಿನ ಮೇಲೆಯೇ ಕೂತು ನೋಡಿ.